ವಿಶ್ವಕಪ್ ಫುಟ್‌ಬಾಲ್‌ನಲ್ಲಿ ಕ್ಯಾಮರೂನ್ ತಂಡದ ಅತ್ಯುತ್ತಮ ಸಾಧನೆ ಯಾವುದು?

1990ರಲ್ಲಿ ಇಟಲಿಯಲ್ಲಿ ಕ್ವಾರ್ಟರ್‌ಫೈನಲ್ ತಲುಪಿದ್ದೇ ಅದರ ಅತ್ಯುತ್ತಮ ಸಾಧನೆ. ಅಲ್ಲಿಯವರೆಗೆ ಆಫ್ರಿಕಾದ ಯಾವ ತಂಡವೂ ಅಷ್ಟು ದೂರ ಹೋಗಿರಲಿಲ್ಲ.

ಮೊದಲ ಪಂದ್ಯದಲ್ಲೇ ಮರಡೋನಾ ಅವರ ಅರ್ಜೆಂಟೀನಾವನ್ನು, ಅಂದರೆ ಹಿಂದಿನ ಚಾಂಪಿಯನ್ನರನ್ನು, 1-0ರಿಂದ ಮಣಿಸಿತು. ಇಬ್ಬರು ಆಟಗಾರರಿಗೆ ಕೆಂಪು ಕಾರ್ಡ್ ಸಿಕ್ಕಿ, ಕೊನೆಗೆ ಒಂಬತ್ತೇ ಮಂದಿ ಉಳಿದಿದ್ದರು! ಆಮೇಲಿನದು 38 ವರ್ಷದ ರೋಜರ್ ಮಿಲ್ಲಾ ಅವರ ಕಥೆ. ಬದಲಿ ಆಟಗಾರನಾಗಿ ಇಳಿದು ರೊಮೇನಿಯಾ ವಿರುದ್ಧ ಎರಡು, ಕೊಲಂಬಿಯಾ ವಿರುದ್ಧ ಎರಡು ಗೋಲು ಹೊಡೆದರು. ಮೂಲೆಯ ಬಾವುಟದ ಬಳಿ ಕುಣಿದ ಅವರ ಕುಣಿತ ಜಗತ್ತಿಗೇ ಪರಿಚಯವಾಯಿತು. ಇಂಗ್ಲೆಂಡ್ ವಿರುದ್ಧ 2-1ರಿಂದ ಮುಂದಿದ್ದೂ, ಲಿನೇಕರ್ ಅವರ ಎರಡು ಪೆನಾಲ್ಟಿಗಳಿಂದಾಗಿ ಹೆಚ್ಚುವರಿ ಸಮಯದಲ್ಲಿ 3-2ರಿಂದ ಸೋತಿತು. ಆ ಸೋಲು ನನ್ನನ್ನು ಈಗಲೂ ಕಾಡುತ್ತದೆ.

1982ರ ತಂಡವನ್ನೂ ಮರೆಯಬಾರದು. ಮೂರೂ ಪಂದ್ಯ ಡ್ರಾ, ಒಂದೂ ಸೋಲಿಲ್ಲ. ಆದರೂ ಗೋಲುಗಳ ಲೆಕ್ಕದಲ್ಲಿ ಇಟಲಿಗಿಂತ ಹಿಂದೆ ಬಿದ್ದು ಹೊರನಡೆಯಿತು. ಆ ಇಟಲಿಯೇ ಕೊನೆಗೆ ಕಪ್ ಗೆದ್ದಿತು.

1990ರ ನಂತರ ಕ್ಯಾಮರೂನ್ ಗುಂಪು ಹಂತವನ್ನು ದಾಟಿಲ್ಲ. 2022ರಲ್ಲಿ ಬ್ರೆಜಿಲನ್ನು 1-0ರಿಂದ ಸೋಲಿಸಿದರೂ ಅದು ಸಾಲಲಿಲ್ಲ. ವಿಶ್ವಕಪ್‌ನ ಹೊರಗೆ 2000ದ ಸಿಡ್ನಿ ಒಲಿಂಪಿಕ್ಸ್ ಚಿನ್ನ ಮತ್ತು ಐದು ಆಫ್ರಿಕನ್ ಕಪ್‌ಗಳು ಈ ತಂಡದ ಪಾಲಿಗಿವೆ.