ನೈಟ್ರಸ್ ಆಕ್ಸೈಡ್ ಮತ್ತು ಬಿಚ್ಚದ ಎಂಜಿನ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನದು ನಾಲ್ಕು ಸಿಲಿಂಡರಿನ, ಟರ್ಬೊ ಇಲ್ಲದ ಪೆಟ್ರೋಲ್ ಕಾರು. ಎಂಜಿನ್ನು ಕಾರ್ಖಾನೆಯಿಂದ ಬಂದಂತೆಯೇ ಇದೆ, ಒಳಗಿನ ಯಾವ ಭಾಗವನ್ನೂ ಬದಲಿಸಿಲ್ಲ. ರೇಸ್ ಟ್ರ್ಯಾಕಿನಲ್ಲಿ ಓಡಿಸುವುದಕ್ಕಾಗಿ ನೈಟ್ರಸ್ ಕಿಟ್ ಕೂರಿಸಬೇಕೆಂದಿದ್ದೇನೆ. ಒಬ್ಬ ಮೆಕ್ಯಾನಿಕ್ ‘ಪಿಸ್ಟನ್ ಕರಗಿಹೋಗುತ್ತದೆ’ ಎನ್ನುತ್ತಾರೆ, ಇನ್ನೊಬ್ಬರು ‘ಏನೂ ಆಗುವುದಿಲ್ಲ’ ಎನ್ನುತ್ತಾರೆ. ಯಾರ ಮಾತನ್ನು ನಂಬಬೇಕು?

ಉತ್ತರ: ಇಬ್ಬರ ಮಾತಿನಲ್ಲೂ ಅರ್ಧ ಸತ್ಯವಿದೆ. ನೈಟ್ರಸ್ ಆಕ್ಸೈಡ್ ತಾನಾಗಿ ಉರಿಯುವ ಅನಿಲವಲ್ಲ. ಸುಮಾರು 300 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಅದು ಒಡೆಯತೊಡಗಿ ಆಮ್ಲಜನಕವನ್ನು ಬಿಡುಗಡೆ ಮಾಡುತ್ತದೆ. ತೂಕದ ಲೆಕ್ಕದಲ್ಲಿ ಗಾಳಿಯಲ್ಲಿ ಆಮ್ಲಜನಕ ಶೇ 23ರಷ್ಟಿದ್ದರೆ ನೈಟ್ರಸ್‌ನಲ್ಲಿ ಶೇ 36ರಷ್ಟಿದೆ. ಈ ಹೆಚ್ಚುವರಿ ಆಮ್ಲಜನಕಕ್ಕೆ ತಕ್ಕಷ್ಟು ಪೆಟ್ರೋಲನ್ನೂ ಒದಗಿಸಿದಾಗ ಮಾತ್ರ ಶಕ್ತಿ ಹೆಚ್ಚುತ್ತದೆ. ಪೆಟ್ರೋಲು ಸಾಲದೆ ಹೋದರೆ ಉರಿಯ ಬಿಸಿ ಮಿತಿಮೀರಿ, ಮಿಶ್ರಣ ತಾನಾಗಿಯೇ ಸಿಡಿದು ಬಡಿಯುವ ನಾಕಿಂಗ್ ಶುರುವಾಗಿ, ಪಿಸ್ಟನ್ನಿನ ಅಂಚು ಕೆಲವೇ ಸೆಕೆಂಡುಗಳಲ್ಲಿ ಕರಗಬಹುದು. ಆದ್ದರಿಂದ ‘ನೈಟ್ರಸ್ ಎಂಜಿನ್ ಕೊಂದಿತು’ ಎನ್ನುವ ಕಥೆಗಳಲ್ಲಿ ಬಹುಪಾಲು ನಿಜವಾಗಿ ಪೆಟ್ರೋಲು ಸಾಲದೆ ಹೋದ ಕಥೆಗಳು ಎಂಬುದು ನನ್ನ ಅಭಿಪ್ರಾಯ.

ಇನ್ನು ಎಷ್ಟು ಸೇರಿಸಬಹುದೆಂಬುದು. ಒಳಭಾಗ ಬದಲಿಸದ ನಾಲ್ಕು ಸಿಲಿಂಡರಿನ ಎಂಜಿನ್ನಿಗೆ 40ರಿಂದ 60 ಅಶ್ವಶಕ್ತಿ, ಆರು ಸಿಲಿಂಡರಿಗೆ 75ರಿಂದ 100 ಎಂಬುದು ಈ ವೃತ್ತಿಯಲ್ಲಿ ಬಹುಕಾಲದಿಂದ ಒಪ್ಪಿಕೊಂಡು ಬಂದಿರುವ ಮಿತಿ. ಸಣ್ಣ ಎಂಜಿನ್ನಾದರೆ, ಅಥವಾ ಈಗಾಗಲೇ ಹೆಚ್ಚು ಓಡಿದ್ದಾದರೆ, 35 ಅಶ್ವಶಕ್ತಿಯ ಜೆಟ್ಟಿನಿಂದಲೇ (ಹರಿವನ್ನು ಅಳೆದು ಬಿಡುವ ಸಣ್ಣ ರಂಧ್ರದ ಬಿಡಿಭಾಗ) ಆರಂಭಿಸಿ ಎಂದು ನಾನು ಹೇಳುತ್ತೇನೆ. ಈ ಮಿತಿಗೆ ಕಾರಣವಿದೆ. ಸಾಮಾನ್ಯ ಕಾರುಗಳ ಪಿಸ್ಟನ್ನುಗಳು ಬಹುಮಟ್ಟಿಗೆ ಎರಕ ಹೊಯ್ದವು. ಬಡಿದು ರೂಪಿಸಿದ ಫೋರ್ಜ್ಡ್ ಪಿಸ್ಟನ್ನುಗಳಂತೆ ಹೊಡೆತವನ್ನು ಅವು ತಾಳುವುದಿಲ್ಲ. ಜೊತೆಗೆ ಪಿಸ್ಟನ್ ರಿಂಗಿನ ಎರಡು ತುದಿಗಳ ನಡುವೆ ಕಾರ್ಖಾನೆಯವರು ಬಿಟ್ಟಿರುವ ಅಂತರವು ಮೂಲ ಎಂಜಿನ್ನಿನ ಬಿಸಿಯನ್ನು ಮಾತ್ರ ಲೆಕ್ಕ ಹಾಕಿ ಬಿಟ್ಟದ್ದು. ಬಿಸಿ ಅದನ್ನು ಮೀರಿದಾಗ ರಿಂಗು ಹಿಗ್ಗಿ, ತುದಿಗಳು ಒಂದಕ್ಕೊಂದು ಒತ್ತಿಕೊಂಡು, ರಿಂಗನ್ನು ಹಿಡಿದಿರುವ ಪಿಸ್ಟನ್ನಿನ ಏಣು ಮುರಿಯುತ್ತದೆ. ಎಂಜಿನ್ ಬಿಚ್ಚಿದವರು ‘ಪಿಸ್ಟನ್ ಒಡೆದಿದೆ’ ಎಂದು ತೋರಿಸುವುದು ಹಲವು ವೇಳೆ ಈ ಏಣನ್ನೇ.

ಕಿಟ್ ಕೊಳ್ಳುವ ಮುನ್ನ ಸಿಲಿಂಡರುಗಳು ಎಷ್ಟು ಒತ್ತಡ ಹಿಡಿಯುತ್ತವೆಂದು ನೋಡುವ ಕಂಪ್ರೆಷನ್ ಪರೀಕ್ಷೆಯನ್ನು ಎಲ್ಲ ಸಿಲಿಂಡರುಗಳಿಗೂ ಮಾಡಿಸಿ. ಯಾವುದಾದರೂ ಒಂದು ಸಿಲಿಂಡರು ಉಳಿದವಕ್ಕಿಂತ ಗಮನಾರ್ಹವಾಗಿ ಕಡಿಮೆ ತೋರಿಸಿದರೆ ಈ ಯೋಚನೆಯನ್ನು ಅಲ್ಲಿಗೇ ಬಿಡಿ. ಆಮೇಲೆ ಪೆಟ್ರೋಲ್ ಫಿಲ್ಟರ್ ಹೊಸದಾಗಿ ಹಾಕಿಸಿ, ಪಂಪು ಪೂರ್ಣ ಹೊರೆಯಲ್ಲಿ ಒತ್ತಡ ಉಳಿಸಿಕೊಳ್ಳುತ್ತದೆಯೇ ಎಂದು ಗೇಜ್ ಕಟ್ಟಿ ನೋಡಿಸಿ. ಕ್ಲಚ್ಚು ಈಗಲೇ ಜಾರುತ್ತಿದ್ದರೆ ಅದನ್ನೂ ಸರಿಪಡಿಸಿಕೊಳ್ಳಿ. ಟ್ರ್ಯಾಕಿನ ನಿಯಮಗಳು ನೈಟ್ರಸ್‌ಗೆ ಅವಕಾಶ ಕೊಡುತ್ತವೆಯೇ ಎಂಬುದನ್ನು ಮೊದಲೇ ಕೇಳಿ ತಿಳಿದುಕೊಳ್ಳಿ. ಸಾರ್ವಜನಿಕ ರಸ್ತೆಯ ಮೇಲೆ ಇದನ್ನು ಬಳಸಬೇಡಿ.

ಪ್ರಶ್ನೆ: ‘ಡ್ರೈ’ ಮತ್ತು ‘ವೆಟ್’ ಎಂಬ ಎರಡು ಬಗೆಯ ಕಿಟ್‌ಗಳಿವೆಯಂತೆ. ಯಾವುದು ಕ್ಷೇಮ?

ಉತ್ತರ: ಡ್ರೈ ಕಿಟ್ಟಿನಲ್ಲಿ ಗಾಳಿಯ ದಾರಿಗೆ ನೈಟ್ರಸ್ ಮಾತ್ರ ಬರುತ್ತದೆ, ಹೆಚ್ಚುವರಿ ಪೆಟ್ರೋಲನ್ನು ಕಾರಿನದೇ ಇಂಜೆಕ್ಟರುಗಳು ಕೊಡಬೇಕು. ವೆಟ್ ಕಿಟ್ಟಿನಲ್ಲಿ ನೈಟ್ರಸ್ ಮತ್ತು ಪೆಟ್ರೋಲು ಎರಡೂ ಒಂದೇ ನಾಜಲ್ಲಿನಿಂದ, ಅಳತೆ ಮಾಡಿದ ಜೆಟ್ಟುಗಳ ಮೂಲಕ ಒಟ್ಟಿಗೆ ಬರುತ್ತವೆ. ಇಸಿಯುವನ್ನು (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರನ್ನು) ಟ್ಯೂನ್ ಮಾಡಬಲ್ಲವರು ಸಿಗದಿದ್ದರೆ ವೆಟ್ ಕಿಟ್ಟೇ ವಾಸಿ, ಏಕೆಂದರೆ ಪೆಟ್ರೋಲಿನ ಪ್ರಮಾಣ ಅದರ ಜೆಟ್ಟಿನಲ್ಲೇ ನಿರ್ಧಾರವಾಗಿರುತ್ತದೆ. ಆದರೆ ಇಂದಿನ ಬಹಳಷ್ಟು ಕಾರುಗಳ ಇನ್‌ಟೇಕ್ ಮ್ಯಾನಿಫೋಲ್ಡ್ ಪ್ಲಾಸ್ಟಿಕ್ಕಿನದು, ಗಾಳಿಯನ್ನು ಮಾತ್ರ ಸಾಗಿಸಲೆಂದು ರೂಪಿಸಿದ್ದು. ಅದರ ತಿರುವುಗಳಲ್ಲಿ ಪೆಟ್ರೋಲು ಹನಿಗಟ್ಟಿ ನಿಂತರೆ ಕೆಲವು ಸಿಲಿಂಡರುಗಳಿಗೆ ಹೆಚ್ಚು, ಕೆಲವಕ್ಕೆ ಕಡಿಮೆ ಹೋಗುತ್ತದೆ. ಬ್ಯಾಕ್‌ಫೈರ್ ಆಗಿ ಉರಿ ಹಿಂದಕ್ಕೆ ನುಗ್ಗಿದರಂತೂ ಮ್ಯಾನಿಫೋಲ್ಡೇ ಸಿಡಿಯಬಹುದು. ಅಂಥ ಕಾರಿಗೆ ಸಣ್ಣ ಪ್ರಮಾಣದ ಡ್ರೈ ಕಿಟ್ಟು, ಅದಕ್ಕೆ ತಕ್ಕ ಟ್ಯೂನಿಂಗ್ ಹಾಗೂ ಹೊಗೆಯಲ್ಲಿನ ಆಮ್ಲಜನಕವನ್ನು ಅಳೆದು ಮಿಶ್ರಣದ ಸ್ಥಿತಿ ತೋರಿಸುವ ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್ ಇರುವುದು ಮೇಲು.

ಪ್ರಶ್ನೆ: ಕಡಿಮೆ ಆರ್‌ಪಿಎಂನಲ್ಲಿ ಎಂಜಿನ್ನಿಗೆ ಎಳೆತ ಇರುವುದಿಲ್ಲ. ಆಗಲೇ ನೈಟ್ರಸ್ ಗುಂಡಿ ಒತ್ತುವುದು ಹೆಚ್ಚು ಉಪಯುಕ್ತವಲ್ಲವೇ?

ಉತ್ತರ: ಕೇಳಲು ಸಮಂಜಸವೆನಿಸಿದರೂ ಎಂಜಿನ್ ಕೆಡಿಸಿಕೊಳ್ಳಲು ಇದಕ್ಕಿಂತ ಸುಲಭದ ದಾರಿಯಿಲ್ಲ. ಜೆಟ್ಟಿನಿಂದ ಒಂದು ಸೆಕೆಂಡಿಗೆ ಹರಿಯುವ ನೈಟ್ರಸ್ ಎಂಜಿನ್ನಿನ ವೇಗವನ್ನು ನೋಡುವುದಿಲ್ಲ. ಅದು ಸರಿಸುಮಾರು ಒಂದೇ ಸಮನೆ ಹರಿಯುತ್ತದೆ. 4000 ಆರ್‌ಪಿಎಂನಲ್ಲಿ ಪ್ರತಿ ಸಿಲಿಂಡರು ಒಂದು ಸಲ ಉಸಿರೆಳೆದುಕೊಂಡಾಗ ಎಷ್ಟು ನೈಟ್ರಸ್ ಸೇರುತ್ತದೆಯೋ, 2000 ಆರ್‌ಪಿಎಂನಲ್ಲಿ ಅದರ ಎರಡರಷ್ಟು ಸೇರುತ್ತದೆ. ಸಿಲಿಂಡರಿನೊಳಗಿನ ಒತ್ತಡ ಅದಕ್ಕೆ ತಕ್ಕಂತೆ ಏರಿ, ಕನೆಕ್ಟಿಂಗ್ ರಾಡ್ ಬಾಗುವುದು, ಹೆಡ್ ಗ್ಯಾಸ್ಕೆಟ್ ಹೋಗುವುದು ಇಂಥ ವೇಳೆಯಲ್ಲೇ. ಕೊಟ್ಟ 50 ಅಶ್ವಶಕ್ತಿ 50ಆಗಿಯೇ ಇದ್ದರೂ, ರಾಡಿನ ಮೇಲೆ ಬೀಳುವ ಹೊರೆ ಬೇರೆಯೇ ಆಗಿರುತ್ತದೆ ಎಂಬುದನ್ನು ಕಿಟ್ ಮಾರುವವರು ಸಾಮಾನ್ಯವಾಗಿ ವಿವರಿಸುವುದಿಲ್ಲ.

ಗುಂಡಿಯನ್ನು ಕೈಯಿಂದ ಒತ್ತುವ ಪದ್ಧತಿಯನ್ನೇ ನಾನು ಒಪ್ಪುವುದಿಲ್ಲ. ಥ್ರಾಟಲ್ ಪೂರ್ತಿ ತೆರೆದಾಗ ಮಾತ್ರ ಒತ್ತಿಕೊಳ್ಳುವ ಸ್ವಿಚ್ಚು, ಸುಮಾರು 3000 ಆರ್‌ಪಿಎಂ ಕೆಳಗೆ ನೈಟ್ರಸ್ ಹರಿಯಗೊಡದೆ, ಗರಿಷ್ಠ ಮಿತಿಗೆ ಕೆಲವು ನೂರು ಆರ್‌ಪಿಎಂ ಮುಂಚೆಯೇ ಅದನ್ನು ನಿಲ್ಲಿಸುವ ವಿಂಡೋ ಸ್ವಿಚ್ಚು, ಪೆಟ್ರೋಲಿನ ಒತ್ತಡ ಕುಸಿದ ಕ್ಷಣವೇ ನೈಟ್ರಸ್ ಬಿಡುವ ವಿದ್ಯುತ್ ಕವಾಟವಾದ ಸೊಲೆನಾಯ್ಡನ್ನು ಮುಚ್ಚಿಸುವ ಪ್ರೆಷರ್ ಸ್ವಿಚ್ಚು, ಈ ಮೂರೂ ಇರಲೇಬೇಕು. ಗರಿಷ್ಠ ಮಿತಿಗೆ ಮುಂಚೆಯೇ ಏಕೆ ನಿಲ್ಲಿಸಬೇಕೆಂದರೆ, ಬಹುತೇಕ ಕಾರುಗಳ ರೆವ್ ಲಿಮಿಟರ್ ಪೆಟ್ರೋಲನ್ನು ಕಡಿದು ಎಂಜಿನ್ನನ್ನು ತಡೆಯುತ್ತದೆ. ಪೆಟ್ರೋಲು ನಿಂತು ನೈಟ್ರಸ್ ಹರಿಯುತ್ತಲೇ ಇದ್ದರೆ ಏನಾಗುತ್ತದೆ ಎಂಬುದನ್ನು ಮೊದಲ ಉತ್ತರದಲ್ಲೇ ಹೇಳಿದ್ದೇನೆ.

ಪ್ರಶ್ನೆ: ಇಗ್ನಿಷನ್ ಟೈಮಿಂಗ್, ಸ್ಪಾರ್ಕ್ ಪ್ಲಗ್ ಬದಲಿಸಬೇಕೇ?

ಉತ್ತರ: ಬದಲಿಸಬೇಕು. ನೈಟ್ರಸ್ ಸೇರಿದಾಗ ಉರಿ ಬೇಗ ಹರಡುವುದರಿಂದ, ಪ್ರತಿ 50 ಅಶ್ವಶಕ್ತಿಗೆ ಸುಮಾರು 2 ಡಿಗ್ರಿಯಷ್ಟು ಟೈಮಿಂಗನ್ನು ಹಿಂದಕ್ಕೆ ಸರಿಸುವುದು, ಎಂದರೆ ಕಿಡಿ ತುಸು ತಡವಾಗಿ ಹಾರುವಂತೆ ಮಾಡುವುದು ವಾಡಿಕೆ. ಪ್ಲಗ್ಗು ಒಂದು ಹಂತ ತಣ್ಣನೆಯದಾಗಿರಲಿ, ಎಂದರೆ ಬಿಸಿಯನ್ನು ಬೇಗ ಹೊರಸಾಗಿಸುವಂಥದ್ದು. ಅದರ ಗ್ಯಾಪ್ 0.75ರಿಂದ 0.9 ಮಿಲಿಮೀಟರ್ ಒಳಗಿರಲಿ. ಕಾರು ತಯಾರಕರು ಹೇಳಿದ್ದಕ್ಕಿಂತ ಹೆಚ್ಚು ಆಕ್ಟೇನಿನ ಪೆಟ್ರೋಲನ್ನೇ ಹಾಕಿಸಿ. ಮೊದಲ ಓಟಗಳ ನಂತರ ಪ್ಲಗ್ ಬಿಚ್ಚಿ ನೋಡಿ: ಪಿಂಗಾಣಿಯ ಮೇಲೆ ಅಲ್ಯೂಮಿನಿಯಮ್ಮಿನ ಸಣ್ಣ ಚುಕ್ಕೆಗಳು ಕಂಡರೆ ಪಿಸ್ಟನ್ ಸವೆಯತೊಡಗಿದೆ ಎಂದರ್ಥ, ಆ ಕ್ಷಣವೇ ನಿಲ್ಲಿಸಿ.

ಪ್ರಶ್ನೆ: ನೈಟ್ರಸ್ ಬಾಟಲಿಯನ್ನು ಡಿಕ್ಕಿಯಲ್ಲಿ ಇಟ್ಟಿದ್ದೇನೆ. ಚಳಿಯಲ್ಲಿ ಶಕ್ತಿ ಕಡಿಮೆ ಎನಿಸುತ್ತದೆ. ಬಿಸಿ ಮಾಡಬಹುದೇ?

ಉತ್ತರ: ಬಾಟಲಿಯ ಒತ್ತಡ ಅದರ ಉಷ್ಣತೆಯನ್ನು ಅವಲಂಬಿಸಿರುತ್ತದೆ. ಜೆಟ್ಟುಗಳ ಲೆಕ್ಕ ಸಾಮಾನ್ಯವಾಗಿ 900ರಿಂದ 950 ಪಿಎಸ್‌ಐಗೆ ಹೊಂದಿಸಿದ್ದು. ಬಾಟಲಿ ತಣ್ಣಗಾದರೆ ನೈಟ್ರಸ್ ಕಡಿಮೆ ಬಂದು ಮಿಶ್ರಣದಲ್ಲಿ ಪೆಟ್ರೋಲು ಹೆಚ್ಚಾಗುತ್ತದೆ, ಹಾಗಾಗಿ ಎಳೆತ ಕುಗ್ಗುತ್ತದೆ. ಬಿಸಿಯೇರಿದರೆ ಇದಕ್ಕೆ ತದ್ವಿರುದ್ಧವಾಗಿ ಪೆಟ್ರೋಲು ಸಾಲದೆ ಹೋಗುತ್ತದೆ. ಎಂಜಿನ್ನಿಗೆ ಅಪಾಯವಿರುವುದು ಈ ಎರಡನೆಯದರಲ್ಲಿ. ಆದ್ದರಿಂದ ಒತ್ತಡ ನೋಡಿಕೊಂಡು ತಾನೇ ನಿಲ್ಲುವ, ಬಾಟಲಿಗೆಂದೇ ಮಾಡಿದ ವಿದ್ಯುತ್ ಹೀಟರ್ ಬಳಸಿ. ಬೆಂಕಿಯ ಜ್ವಾಲೆಯನ್ನು ಬಾಟಲಿಯ ಹತ್ತಿರಕ್ಕೂ ತರಬೇಡಿ. 36 ಡಿಗ್ರಿ ಸೆಲ್ಸಿಯಸ್ ದಾಟಿದರೆ ಒಳಗೆ ದ್ರವವೇ ಉಳಿಯುವುದಿಲ್ಲ, ಒತ್ತಡವೂ ವೇಗವಾಗಿ ಏರುತ್ತದೆ. ನಿಗದಿತ ತೂಕಕ್ಕಿಂತ ಹೆಚ್ಚು ತುಂಬಿದ ಬಾಟಲಿಯನ್ನು ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ಬಿಡುವುದಂತೂ ಕೂಡದು.

ಬಾಟಲಿಯನ್ನು ಬ್ರ್ಯಾಕೆಟ್ಟಿನಲ್ಲಿ ಬೋಲ್ಟ್ ಹಾಕಿ ಬಿಗಿಯಿರಿ. ಒಳಗಿನ ಕೊಳವೆ ಸದಾ ದ್ರವದಲ್ಲಿ ಮುಳುಗಿರುವಂತೆ ತಯಾರಕರು ಸೂಚಿಸಿದ ದಿಕ್ಕು ಮತ್ತು ಓರೆಯಲ್ಲೇ ಕೂರಿಸಿ. ಡಿಕ್ಕಿ ಕಾರಿನ ಒಳಭಾಗಕ್ಕೆ ತೆರೆದುಕೊಂಡಿದ್ದರೆ ಒತ್ತಡ ಮಿತಿಮೀರಿದರೆ ಒಡೆಯುವ ಬಾಟಲಿಯ ಸುರಕ್ಷಾ ಡಿಸ್ಕಿನಿಂದ ಹೊರಗಿನವರೆಗೆ ಕೊಳವೆ ಎಳೆದಿರಲೇಬೇಕು. ಡಿಸ್ಕು ಒಡೆದಾಗ ನುಗ್ಗುವ ಅನಿಲ ಮುಚ್ಚಿದ ಕಾರಿನೊಳಗಿನ ಉಸಿರಾಟದ ಗಾಳಿಯನ್ನು ಹೊರದೂಡುತ್ತದೆ. ವಾಹನಗಳಿಗೆ ಮಾರುವ ನೈಟ್ರಸ್‌ನಲ್ಲಿ ಅಲ್ಪ ಪ್ರಮಾಣದ ಸಲ್ಫರ್ ಡೈಆಕ್ಸೈಡ್ ಬೆರೆಸುವುದುಂಟು, ಅದನ್ನು ಯಾರೂ ಮೂಸದಿರಲಿ ಎಂದು. ಪೈಪಿನ ಜೋಡಣೆಗಳಿಗೆ ಎಣ್ಣೆ, ಗ್ರೀಸ್ ತಾಗಿಸಬೇಡಿ. ಸೋರುವ ದ್ರವ ಮೈನಸ್ 88 ಡಿಗ್ರಿಯಲ್ಲಿ ಕುದಿಯುವಂಥದ್ದು, ಬರಿಗೈಯಿಂದ ಮುಟ್ಟಿದರೆ ಚರ್ಮ ಸುಡುತ್ತದೆ. ಕಾರು ನಿಲ್ಲಿಸಿದ ಮೇಲೆ ಬಾಟಲಿಯ ಕವಾಟವನ್ನು ಮುಚ್ಚಿಬಿಡಿ: ಸೋರುವ ಸೊಲೆನಾಯ್ಡಿನಿಂದ ಇನ್‌ಟೇಕ್‌ನಲ್ಲಿ ತುಂಬಿಕೊಂಡ ನೈಟ್ರಸ್, ಮರುದಿನ ಎಂಜಿನ್ ಸ್ಟಾರ್ಟ್ ಮಾಡುವಾಗ ಸಿಡಿಯುವ ಸಂಭವವಿದೆ.