ಪೆರಿಕೊ ಎಂದರೆ ಯಾಕಷ್ಟು ಪ್ರೀತಿ

ಫ್ರಾನ್ಸಿನ ದೊಡ್ಡ ಸೈಕಲ್ ರೇಸ್ ಟೂರ್ ಡಿ ಫ್ರಾನ್ಸನ್ನು ಸತತ ಐದು ಸಲ ಗೆದ್ದ ಮಿಗೆಲ್ ಇಂದುರಾಯ್ನ್ ಇರುವಾಗ, ಒಂದೇ ಸಲ ಗೆದ್ದ ಪೆದ್ರೊ 'ಪೆರಿಕೊ' ದೆಲ್ಗಾದೊರನ್ನು ಸ್ಪೇನಿನವರು ಇಷ್ಟು ಹಚ್ಚಿಕೊಂಡಿರುವುದೇಕೆ ಅಂತ ಕೇಳಿದ್ದೀರಿ. ನನ್ನ ಪ್ರಕಾರ ದೆಲ್ಗಾದೊ ಗೆದ್ದದ್ದಕ್ಕಿಂತ ಸೋತ ರೀತಿಯೇ ಕಾರಣ.

1987ರಲ್ಲಿ ಐರ್ಲೆಂಡಿನ ಸ್ಟೀಫನ್ ರೋಷ್ ಎದುರು ಬರೀ 40 ಸೆಕೆಂಡಿನಲ್ಲಿ ಟೂರ್ ಕೈತಪ್ಪಿತು. ಮರುವರ್ಷ ಗೆದ್ದರು. 1989ರಲ್ಲಿ ಹಾಲಿ ಚಾಂಪಿಯನ್ ಆಗಿ, ಆ ವರ್ಷ ಟೂರ್ ಶುರುವಾದ ಲಕ್ಸೆಂಬರ್ಗಿಗೆ ಬಂದವರು ಮೊದಲ ದಿನದ ಸ್ಪರ್ಧೆಗೇ 2 ನಿಮಿಷ 40 ಸೆಕೆಂಡು ತಡವಾಗಿ ಹೊರಟರು! ಮರುದಿನ ತಂಡಗಳ ಸ್ಪರ್ಧೆಯಲ್ಲಿ ಇನ್ನಷ್ಟು ಸಮಯ ಹೋಯಿತು. ಪಟ್ಟಿಯ ತಳದಲ್ಲಿದ್ದ ಮನುಷ್ಯ ಪಿರನೀಸ್, ಆಲ್ಪ್ಸ್ ಏರುಗಳಲ್ಲಿ ಒಬ್ಬೊಬ್ಬರನ್ನೇ ಹಿಂದೆ ಹಾಕುತ್ತಾ ಪ್ಯಾರಿಸ್ ತಲುಪುವಾಗ ಮೂರನೆಯವರು. ಇಂಥ ಹಟವನ್ನು ನೋಡಿದವರು ಮರೆಯುವುದುಂಟೇ?

ಇಂದುರಾಯ್ನ್ ನವಾರಾದ ಮಿತಭಾಷಿ. ಒಂಟಿಯಾಗಿ ಗಡಿಯಾರದ ವಿರುದ್ಧ ಓಡಿಸುವ ಸ್ಪರ್ಧೆಗಳಲ್ಲೇ ಎದುರಾಳಿಗಳ ಕಥೆ ಮುಗಿಸಿಬಿಡುತ್ತಿದ್ದರು. ಅವರಿಗೆ ಸಿಕ್ಕ ಗೌರವವೇನೂ ಕಡಿಮೆಯಲ್ಲ, 1992ರಲ್ಲಿ ಸ್ಪೇನಿನ ಪ್ರಿನ್ಸ್ ಆಫ್ ಅಸ್ಟೂರಿಯಾಸ್ ಕ್ರೀಡಾ ಪ್ರಶಸ್ತಿಯೇ ಬಂತು. ಆದರೆ ಜನ ಅವರನ್ನು ಮೆಚ್ಚಿದರು. ಸೆಗೋವಿಯಾದ ದೆಲ್ಗಾದೊಗಾಗಿ ಉಸಿರು ಬಿಗಿಹಿಡಿದರು. ಅದಕ್ಕೇ ಅವರು ಎಲ್ಲರ ಬಾಯಲ್ಲೂ 'ಪೆರಿಕೊ'.

ಇನ್ನೊಂದು ಮಾತು: ನಿವೃತ್ತಿಯ ಬಳಿಕ ಪೆರಿಕೊ ಸ್ಪೇನಿನ ಸರ್ಕಾರಿ ಟಿವಿಯಲ್ಲಿ ವೀಕ್ಷಕ ವಿವರಣೆಗೆ ಕೂತರು. ಅವರ ರೇಸುಗಳನ್ನು ನೋಡಿರದ ಹುಡುಗರಿಗೂ ಟೂರ್ ನಡೆಯುವ ಜುಲೈ ಬಂತೆಂದರೆ ಆ ದನಿ ಗೊತ್ತು.