ಒಡವೆ ಅಡ ಇಡೋಕೆ ಮುಂಚೆ ಡೇರಿ ಲೆಕ್ಕ ಬರೆದು ನೋಡಮ್ಮ

(ಮದ್ದೂರು ಕಡೆ ಹಳ್ಳಿಯಿಂದ ದಿನಾ ಬಸ್ಸಲ್ಲಿ ಮಂಡ್ಯಕ್ಕೆ ಬಂದು ಐದನೇ ಸೆಮಿಸ್ಟರ್ ಇನ್ಫರ್ಮೇಶನ್ ಸೈನ್ಸ್ ಓದ್ತಿರೋ ಹುಡುಗಿ ಬರೆದಿದಾಳೆ. ಬೆಂಗಳೂರಿನ ಟ್ರೈನಿಂಗ್ ಸೆಂಟರ್ ಒಂದು ಆರು ತಿಂಗಳ ಎಐ ಕೋರ್ಸಿಗೆ 85 ಸಾವಿರ ಕೇಳ್ತಿದೆಯಂತೆ, ಪ್ಲೇಸ್‌ಮೆಂಟ್ ಗ್ಯಾರಂಟಿ ಅಂತೆ. ಅಮ್ಮನ ಒಡವೆ ಅಡ ಇಡೋಕೆ ಅಪ್ಪ ತಯಾರು. ಮ್ಯಾಥ್ಸ್ ಒಂದು ಬ್ಯಾಕ್ (ಪಾಸಾಗದೆ ಉಳಿದ ಪೇಪರ್) ಉಳಿದಿದೆ. ಸೇರ್ಲಾ? ಕಂಪ್ಯೂಟರ್ ಸೈನ್ಸ್ ಬಿಟ್ಟು ಐಎಸ್ ತಗೊಂಡಿದ್ದು ತಪ್ಪಾಯ್ತಾ? ಎಐ ಬಂದ್ಮೇಲೆ ಕೋಡಿಂಗ್ ಯಾಕೆ ಕಲೀಬೇಕು? ಅನ್ನೋದು ಪ್ರಶ್ನೆ.)

ನಿನ್ನ ವಯಸ್ಸಿನ ಮಗಳಿದಾಳೆ ನನಗೆ, ಹಾಗಾಗಿ ನೀನು ಅಂತಲೇ ಬರೀತೀನಿ, ಬೇಜಾರು ಮಾಡ್ಕೋಬೇಡ.

ಮೊದಲು ದುಡ್ಡಿನ ವಿಷಯ. ಕೊಡಬೇಡ. ಕೆಲಸ ಕೊಡೋರು ಬೇರೆ, ಪಾಠ ಹೇಳೋರು ಬೇರೆ, ಪಾಠ ಹೇಳೋರು ಇನ್ನೊಬ್ಬರ ಕಂಪನಿ ಕೆಲಸಕ್ಕೆ ಗ್ಯಾರಂಟಿ ಕೊಡೋದು ಹೆಂಗೆ ಅಂತ ಅಪ್ಪನ್ನ ಕೂರಿಸಿ ಕೇಳು. ನಮ್ಮ ನೆಂಟರ ಹುಡುಗ ಒಬ್ಬ ಇದೇ ಥರ ಕಟ್ಟಿ, ಆರು ತಿಂಗಳಾದ್ಮೇಲೆ ಅವರು ತೋರಿಸಿದ್ದು ಟೆಲಿಕಾಲರ್ ಕೆಲಸ, ದುಡ್ಡು ವಾಪಸ್ ಕೇಳಿದ್ರೆ ಸಹಿ ಹಾಕಿದ ಕಾಗದ ಮುಂದಿಟ್ರು. ಐಐಟಿ, ಐಐಎಸ್‌ಸಿ ಮೇಷ್ಟ್ರುಗಳ ಪಾಠ ಎನ್‌ಪಿಟೆಲ್ ಅನ್ನೋ ಆನ್‌ಲೈನ್ ಪಾಠದ ತಾಣದಲ್ಲಿ ಪುಕ್ಕಟೆ ಸಿಗುತ್ತೆ, ಪರೀಕ್ಷೆ ಬರೆದು ಸರ್ಟಿಫಿಕೇಟ್ ಬೇಕು ಅಂದ್ರೆ ಮಾತ್ರ ಫೀಸು. ಇನ್ನು ಐಎಸ್ಸೋ ಸಿಎಸ್ಸೋ, ಓದೋ ಸಬ್ಜೆಕ್ಟ್ ಬಹುಪಾಲು ಒಂದೇ, ಅದನ್ನ ತಲೆಯಿಂದ ತೆಗೆದುಬಿಡು.

ಈಗ ನಿಜವಾದ ವಿಷಯ. ಡಿಬಿಎಂಎಸ್ (ಡೇಟಾಬೇಸಲ್ಲಿ ಮಾಹಿತಿ ಇಟ್ಟು ನಿಭಾಯಿಸೋ ಸಬ್ಜೆಕ್ಟ್), ಆಪರೇಟಿಂಗ್ ಸಿಸ್ಟಂ ಎಲ್ಲಾ ಹಳೇ ಕಾಲದ್ದು, ಬರೀ ಪಾಸಾದ್ರೆ ಸಾಕು ಅಂತ ಸೀನಿಯರ್ಸ್ ಹೇಳ್ತಾರೆ ಅಂತ ಬರೆದಿದೀಯ. ಅದು ಓದಿ ನನಗೆ ಹೊಟ್ಟೆ ಉರೀತು. ನಿಮ್ಮ ಮನೇಲಿ ಎರಡು ಹಸು ಇದೆ, ಅಮ್ಮ ಬೆಳಗ್ಗೆ ಸಂಜೆ ಡೇರಿಗೆ ಹಾಲು ಹಾಕ್ತಾರೆ ಅಂತ ನೀನೇ ಬರೆದಿದೀಯಲ್ಲ, ಆ ಡೇರಿ ಲೆಕ್ಕಕ್ಕೆ ಒಂದು ಸಣ್ಣ ಪ್ರೋಗ್ರಾಂ ಬರಿ. ಸದಸ್ಯರ ನಂಬರ್, ಲೀಟರ್, ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಲ್ಲಿರೋ ಗಟ್ಟಿ ಅಂಶ), ರೇಟು, ಕೊನೇಲಿ ಬಟವಾಡೆ. ಇಷ್ಟೇನಾ ಅನ್ಸುತ್ತೆ, ಕೂತು ಬರಿ ಗೊತ್ತಾಗುತ್ತೆ. ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೇಲಿ 0.1ಕ್ಕೆ 0.2 ಕೂಡಿಸು, 0.30000000000000004 ಅಂತ ಬರುತ್ತೆ, ಯಾಕಂದ್ರೆ ನಮ್ಮ ಹತ್ತರ ಲೆಕ್ಕದ 0.1 ಅನ್ನೋದು ಕಂಪ್ಯೂಟರಿನ ಎರಡರ ಲೆಕ್ಕದಲ್ಲಿ ಪೂರ್ತಿ ಕೂರಲ್ಲ. ಒಬ್ಬರ ಒಂದು ದಿನದ ಹಾಲಿಗೆ ಇದು ಕಣ್ಣಿಗೇ ಬೀಳಲ್ಲ, ಇಡೀ ಊರಿನ ಬಟವಾಡೆ ಕೂಡೋವಾಗ ಎಲ್ಲೋ ಒಂದು ಪೈಸೆ ಹೆಚ್ಚುಕಮ್ಮಿ ಆಗಿ ಸೆಕ್ರೆಟರಿ ರಾತ್ರಿಯೆಲ್ಲಾ ಹುಡುಕೋ ಹಂಗಾಗುತ್ತೆ. ಅದಕ್ಕೇ ದುಡ್ಡನ್ನ ಪೈಸೆ ಲೆಕ್ಕದಲ್ಲಿ, ಪೂರ್ಣಾಂಕದಲ್ಲಿ ಇಡ್ತಾರೆ. ಆಮೇಲೆ, ಒಬ್ಬರ ಹಾಲು ಒಂದೇ ಹೊತ್ತಿಗೆ ಎರಡು ಸಲ ಎಂಟ್ರಿ ಆಗ್ಬಾರದು ಅಂದ್ರೆ ಸದಸ್ಯರ ನಂಬರ್, ತಾರೀಕು, ಬೆಳಗ್ಗೆನೋ ಸಂಜೆನೋ ಅನ್ನೋದು ಈ ಮೂರೂ ಸೇರಿ ಯೂನಿಕ್ ಆಗಿರ್ಬೇಕು. ಬಟವಾಡೆ ಅರ್ಧ ಬರೆದಾಗ ಕರೆಂಟ್ ಹೋದ್ರೆ? ಬರೆದ್ರೆ ಪೂರ್ತಿ ಬರೀಬೇಕು, ಇಲ್ಲಾಂದ್ರೆ ಏನೂ ಬರೀಬಾರದು, ಅಲ್ಲಿ ಟ್ರಾನ್ಸಾಕ್ಷನ್ ಅಂದ್ರೇನು ಅಂತ ಅರ್ಥ ಆಗುತ್ತೆ, ಪರೀಕ್ಷೆಗೆ ಉರು ಹೊಡೆದಾಗ ಆಗದೇ ಇದ್ದದ್ದು. ಎಡ್ಗರ್ ಕಾಡ್ ಅನ್ನೋ ಕಂಪ್ಯೂಟರ್ ವಿಜ್ಞಾನಿ 1970ರಲ್ಲಿ ಬರೆದ ಲೇಖನದಿಂದ ಶುರುವಾದ, ಮಾಹಿತೀನ ಟೇಬಲ್ಲುಗಳಲ್ಲಿ ಇಡೋ ಪದ್ಧತಿ ಇದು, ಇವತ್ತಿಗೂ ಬ್ಯಾಂಕು ನಡೆಯೋದು ಇದರ ಮೇಲೇ. ಇದಕ್ಕೆ ದೊಡ್ಡ ಸರ್ವರ್ ಬೇಡ, ಎಸ್‌ಕ್ಯೂಲೈಟ್ ಅನ್ನೋ ಪುಟ್ಟ ಡೇಟಾಬೇಸ್ ಸಾಕು, ನಿನ್ನ ಆಂಡ್ರಾಯ್ಡ್ ಫೋನ್ ಒಳಗೇ ಅದು ಕೂತಿದೆ.

ಹೆಸರುಗಳನ್ನ ಕನ್ನಡದಲ್ಲೇ ಹಾಕು. ಆಗ ಇನ್ನೊಂದು ಪಾಠ. "ಸ್ತ್ರೀ" ಅನ್ನೋದು ನಮಗೆ ಒಂದೇ ಅಕ್ಷರ, ಪೈಥಾನ್ ಅದನ್ನ ಆರು ಅಂತ ಎಣಿಸುತ್ತೆ: ಸ, ತ, ರ, ನಡುವಿನ ಎರಡು ಅರ್ಧಾಕ್ಷರದ ಗುರುತು, ಕೊನೇ ಈ ಸ್ವರದ ಗುರುತು. ಇದು ನನಗೆ ಹೆಂಗೆ ಗೊತ್ತು ಅಂದ್ರೆ, ನಮ್ಮ ಪತ್ರಿಕೆಯ ಹಳೇ ಸಂಚಿಕೆಗಳೆಲ್ಲಾ ಡಿಟಿಪಿ ಫಾಂಟಲ್ಲಿ ಇದ್ದವು, ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚೂರುಗಳನ್ನ ಕೂರಿಸಿದ ಫಾಂಟು, ಫಾಂಟ್ ತೆಗೆದ್ರೆ ಏನೂ ಓದೋಕಾಗಲ್ಲ. ಎಲ್ಲಾ ಭಾಷೆಯ ಅಕ್ಷರಕ್ಕೂ ಒಂದೊಂದು ನಂಬರ್ ಕೊಡೋ ಪದ್ಧತಿ ಯೂನಿಕೋಡ್, 1991ರ ಅದರ ಮೊದಲ ಆವೃತ್ತೀಲೇ ಕನ್ನಡ ಇತ್ತು, ನಾವು ಆ ಕಡೆ ನೋಡಿರ್ಲಿಲ್ಲ. ಹಳೇದನ್ನ ಯೂನಿಕೋಡಿಗೆ ಬದಲಾಯಿಸೋಕೆ ಹೋದಾಗ ಒತ್ತಕ್ಷರ, ಅರ್ಕಾವತ್ತು ಎಲ್ಲೆಲ್ಲೋ ಹೋಗಿ ಕೂತವು. ಸರ್ಟಿಫಿಕೇಟ್ ಫೈಲು ಹಿಡ್ಕೊಂಡು ಬಂದೋರು ಮೂರು ಜನ ಕೈಚೆಲ್ಲಿದ್ರು. ಮಾಡಿಕೊಟ್ಟಿದ್ದು ಇಲ್ಲೇ ಮೈಸೂರಿನ ಒಬ್ಬ ಡಿಪ್ಲೊಮಾ ಹುಡುಗ, ಒಂದೊಂದು ಅಕ್ಷರದ ಕೋಡ್ ಪಾಯಿಂಟ್ (ಯೂನಿಕೋಡ್ ಕೊಟ್ಟ ನಂಬರ್) ಕಾಗದದ ಮೇಲೆ ಬರ್ಕೊಂಡು ಹದಿನೈದು ದಿನ ಕೂತ. ಅವನನ್ನ ನೋಡಿದ್ಮೇಲೇ ನಾನು ಈ ವಿಷಯದಲ್ಲಿ ಇಷ್ಟು ಗಟ್ಟಿಯಾಗಿ ಮಾತಾಡೋದು.

ಎಐ ಕೇಳಿದ್ಯಲ್ಲ, ಬಳಸು, ಧಾರಾಳವಾಗಿ ಬಳಸು. ಡೇರಿ ಪ್ರೋಗ್ರಾಂ ಬರೆದುಕೊಡು ಅಂದ್ರೆ ಕ್ಷಣದಲ್ಲಿ ಕೊಡುತ್ತೆ, ಅದರಲ್ಲಿ ದುಡ್ಡನ್ನ ಫ್ಲೋಟಲ್ಲಿ, ಅಂದ್ರೆ ಆ 0.1 ಥರದ ದಶಾಂಶದಲ್ಲಿ ಇಟ್ಟಿದ್ರೆ ಅದು ತಪ್ಪು ಅಂತ ಹಿಡಿಯೋರು ಯಾರು? ನೀನೇ ಹಿಡೀಬೇಕು. ಮತ್ತೆ ಎಐ ಒಳಗಿರೋದು ಮ್ಯಾಟ್ರಿಕ್ಸು, ಪ್ರಾಬಬಿಲಿಟಿ, ಕ್ಯಾಲ್ಕುಲಸ್ಸು, ಅಂದ್ರೆ ನೀನು ಹೆದರಿ ಬಿಟ್ಟಿರೋ ಆ ಮ್ಯಾಥ್ಸೇ. ಬ್ಯಾಕ್ ಇದ್ರೆ ಎಷ್ಟೋ ಕಂಪನಿ ಕ್ಯಾಂಪಸ್ಸಲ್ಲಿ ಟೆಸ್ಟ್ ಬರೆಯೋಕೂ ಬಿಡಲ್ಲ, ಹಾಗಾಗಿ ಈ ಸಲವೇ ಅದನ್ನ ಕ್ಲಿಯರ್ ಮಾಡು, ಮಿಕ್ಕಿದ್ದೆಲ್ಲಾ ಆಮೇಲೆ. ಬಸ್ಸಲ್ಲಿ ಹೋಗಿ ಬರೋ ಹೊತ್ತಲ್ಲಿ ದಿನಕ್ಕೆರಡು ಲೆಕ್ಕ ಮಾಡಿದ್ರೂ ಪರೀಕ್ಷೆ ಹೊತ್ತಿಗೆ ಕೈ ಕೂತಿರುತ್ತೆ.

ಒಡವೆ ಬೀರುವಲ್ಲೇ ಇರ್ಲಿ ಅಂತ ಅಪ್ಪಂಗೆ ಇವತ್ತೇ ಹೇಳು. ಪರೀಕ್ಷೆ ಮುಗಿದ್ಮೇಲೆ ಒಂದು ತಿಂಗಳು ಅಮ್ಮನ ಹಾಲಿನ ಲೆಕ್ಕ ನಿನ್ನ ಪ್ರೋಗ್ರಾಮಲ್ಲಿ ಬರೆದು, ಡೇರಿ ಪುಸ್ತಕದ ಪಕ್ಕ ಇಟ್ಟು ನೋಡಿ, ಎಲ್ಲಿ ತಾಳೆ ಆಗ್ಲಿಲ್ಲ ಅಂತ ನನಗೆ ಬರಿ.